ಹೊಣೆಯಾಳಿನ ಅಧಿಕಾರವೂ ಅದರ ಮೇರೆಯೂ

ಅಮೆರಿಕಾ ದೇಶದ ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ‘ಬೌಂಟಿ ಹಂಟರ್’ ಎಂಬ ಪಾತ್ರವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಮಾತನ್ನು ಕನ್ನಡಕ್ಕೆ ತರಹೊರಟವರಿಗೆ ‘ಇನಾಮಿನ ಬೇಟೆಗಾರ’ ಎಂಬ ಮಾತು ಮೊದಲು ಹೊಳೆಯುವುದು ಸಹಜ. ಶಬ್ದಾರ್ಥಕ್ಕೆ ಇದು ಸರಿ, ವಸ್ತುಸ್ಥಿತಿಗೆ ಸರಿಯಲ್ಲ. ಸರ್ಕಾರವು ದರೋಡೆಗಾರನೊಬ್ಬನ ತಲೆಗೆ ಬೆಲೆ ಕಟ್ಟಿ ಡಂಗುರ ಹೊಯ್ಸಿದಾಗ ಅವನನ್ನು ಹಿಡಿದು ತಂದು ಇನಾಮು ಪಡೆಯುವವನು ಬೇರೆ. ಇಂದು ಆ ದೇಶದಲ್ಲಿ ಈ ಹೆಸರಿನ ಕಸಬಿನಿಂದ ಜೀವನ ನಡೆಸುವವನು ಬೇರೆ. ಇವನಿಗೆ ಹಣ ಕೊಡುವುದು ಸರ್ಕಾರವಲ್ಲ, ಜಾಮೀನು ನಿಂತ ವರ್ತಕ. ಇವನು ಹುಡುಕುವುದು ವಾಯಿದೆಯ ದಿನ ನ್ಯಾಯಸ್ಥಾನಕ್ಕೆ ಬಾರದೆ ತಪ್ಪಿಸಿಕೊಂಡ ಆಪಾದಿತನನ್ನು. ಆ ಆಪಾದಿತನ ಮೇಲಿನ ದೋಷಾರೋಪಣೆಯು ಸಾಮಾನ್ಯವಾಗಿ ಇನ್ನೂ ರುಜುವಾತಾಗಿರುವುದಿಲ್ಲ. ‘ಜಾಮೀನು’ ಎಂಬ ಅನ್ಯದೇಶ್ಯಪದವು ನಮ್ಮಲ್ಲಿಗೆ ಬರುವುದಕ್ಕೆ ಮುಂಚಿನಿಂದಲೂ ‘ಪೊಣೆ’, ‘ಹೊಣೆ’ ಎಂಬ ದೇಶ್ಯಪದವು ಅದೇ ಅರ್ಥದಲ್ಲಿರುವುದರಿಂದ, ಹೊಣೆಗಾರನ ಪರವಾಗಿ ಹುಡುಕಹೊರಟವನನ್ನು ‘ಹೊಣೆಯಾಳು’ ಎಂದು ಈ ಲೇಖನದಲ್ಲಿ ಕರೆದಿದೆ. ಹೆಸರಿನ ಈ ವಿಚಾರವು ಬರಿಯ ಭಾಷಾಂತರದ ತೊಡಕಲ್ಲವೆಂಬುದು ಮುಂದೆ ತಿಳಿದುಬರುವುದು. ಅಲ್ಲಿಯ ಒಂದು ಸಂಸ್ಥಾನವಂತೂ ಆ ಹೆಸರನ್ನೇ ನಿಷೇಧಿಸಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳು ೫೦. ಹೊಣೆಯಾಳಾಗಲು ಯಾರು ಅರ್ಹರು, ಆದವನು ಏನು ಮಾಡಬಹುದು ಎಂಬ ವಿಷಯದಲ್ಲಿ ಇವುಗಳಲ್ಲಿ ಒಂದರಂತೆ ಒಂದಿಲ್ಲ. ಕೆಲವೆಡೆ ಈ ಕಸಬೇ ಇಲ್ಲ. ಕೆಲವೆಡೆ ಲೈಸೆನ್ಸು, ಪರೀಕ್ಷೆ, ತರಬೇತುಗಳಿವೆ. ಮತ್ತೆ ಕೆಲವೆಡೆ ಕೇಳುವವರೇ ಇಲ್ಲ. ಈ ವೈವಿಧ್ಯಕ್ಕೆ ಕಾರಣವೇನೆಂಬುದನ್ನೂ, ಇಷ್ಟೆಲ್ಲ ನಿಯಮಗಳು ಯಾರನ್ನು ಕಾಪಾಡುತ್ತವೆ ಎಂಬುದನ್ನೂ ವಿಚಾರಮಾಡುವುದು ಇಲ್ಲಿಯ ಉದ್ದೇಶ.

ಮೊದಲು ವ್ಯಾಪಾರದ ಕ್ರಮವನ್ನು ತಿಳಿದುಕೊಳ್ಳಬೇಕು. ಆಪಾದಿತನೊಬ್ಬನಿಗೆ ನ್ಯಾಯಾಧೀಶನು ೨೦,೦೦೦ ಡಾಲರುಗಳ ಜಾಮೀನನ್ನು ಗೊತ್ತುಮಾಡಿದನೆಂದು ಭಾವಿಸೋಣ. ಅಷ್ಟು ಹಣ ಅವನ ಬಳಿ ಇಲ್ಲ. ನ್ಯಾಯಸ್ಥಾನದ ಎದುರಿನ ಅಂಗಡಿಯಲ್ಲಿ ಕುಳಿತ ಜಾಮೀನು ವರ್ತಕನಿಗೆ ಅವನು ಸಾಮಾನ್ಯವಾಗಿ ನೂರಕ್ಕೆ ೧೦ರಂತೆ, ಎಂದರೆ ೨,೦೦೦ ಡಾಲರುಗಳನ್ನು, ಕೊಡುತ್ತಾನೆ. ಈ ಹಣ ಹಿಂದಕ್ಕೆ ಬರತಕ್ಕದ್ದಲ್ಲ. ಅದು ವರ್ತಕನ ಲಾಭ. ವರ್ತಕನು ಪೂರ್ಣ ಮೊತ್ತಕ್ಕೆ ಹೊಣೆಪತ್ರ ಬರೆದುಕೊಟ್ಟು ಅವನನ್ನು ಬಿಡಿಸುತ್ತಾನೆ. ಆಪಾದಿತನು ಹಾಜರಾದರೆ ಸರಿ. ತಪ್ಪಿಸಿಕೊಂಡರೆ ೨೦,೦೦೦ ಡಾಲರುಗಳೂ ವರ್ತಕನ ತಲೆಯ ಮೇಲೆ ಬೀಳುತ್ತವೆ. ಆದರೆ ಒಡನೆಯೇ ಅಲ್ಲ. ಹುಡುಕಿ ಒಪ್ಪಿಸಲು ಕಾನೂನು ಸ್ವಲ್ಪ ಅವಕಾಶ ಕೊಡುತ್ತದೆ; ಕ್ಯಾಲಿಫೋರ್ನಿಯಾದಲ್ಲಿ ಈ ಅವಧಿ ೧೮೦ ದಿನಗಳು. ಈ ಅವಧಿಯೊಳಗೆ ಹುಡುಕಿ ತರಲು ವರ್ತಕನು ಕೂಲಿಗೆ ನಿಯಮಿಸಿಕೊಂಡವನೇ ಹೊಣೆಯಾಳು.

ಹಾಜರಾತಿಗಾಗಿ ಹೊಣೆ ನಿಲ್ಲುವುದೂ, ಓಡಿಹೋದವನನ್ನು ಹುಡುಕಲು ಹೊಣೆಗಾರನಿಗೆ ಅವಧಿ ಕೊಡುವುದೂ ನಮ್ಮ ವಾಚಕರಿಗೆ ಹೊಸದಲ್ಲ. ಯಾಜ್ಞವಲ್ಕ್ಯನು ದರ್ಶನ, ಪ್ರತ್ಯಯ, ದಾನ ಎಂದು ಪ್ರಾತಿಭಾವ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ಈ ಸ್ಮೃತಿಯ ವ್ಯಾಖ್ಯಾನವೆಂಬುದು ಪ್ರಸಿದ್ಧವಷ್ಟೆ. ದರ್ಶನಪ್ರತಿಭೂವು ಆಳನ್ನು ತೋರಿಸಲಾರದೆ ಹೋದರೆ ತಾನು ತೆರಬೇಕು. ಅವನ ಮಕ್ಕಳು ತೆರಬೇಕಾದುದಿಲ್ಲ. ಕಾಣೆಯಾದವನನ್ನು ಹುಡುಕಲು ಪ್ರತಿಭೂವಿಗೆ ದೇಶಾನುಸಾರವಾಗಿ ಒಂದು ಪಕ್ಷ, ಒಂದು ತಿಂಗಳು, ಅಥವಾ ಒಂದೂವರೆ ತಿಂಗಳು ಅವಕಾಶ ಕೊಡಬೇಕೆಂದು ಬೃಹಸ್ಪತಿಯು ವಿಧಿಸಿದ್ದಾನೆ. ಇವು ಸಾಲದ ವ್ಯವಹಾರಕ್ಕೆ ಸಂಬಂಧಪಟ್ಟ ಮಾತುಗಳು, ಅಪರಾಧದ ವಿಚಾರಣೆಗಲ್ಲ. ಸಾಮ್ಯವನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು.

ಅಮೆರಿಕಾದವರು ಕಾನೂನನ್ನು ಕಲಿತ ಇಂಗ್ಲೆಂಡಿನಲ್ಲಿ ಮಾತ್ರ ಈ ಕಸಬು ಹುಟ್ಟಲಿಲ್ಲ. ಅಲ್ಲಿ ಹೊಣೆ ನಿಲ್ಲತಕ್ಕವನು ಆಪಾದಿತನ ನೆಂಟನೋ ನೆರೆಯವನೋ ಆಗಿರಬೇಕು, ಅವನು ತನ್ನ ಸ್ವಂತ ನಷ್ಟದ ಭಯದಿಂದಲೇ ಆಪಾದಿತನ ಮೇಲೆ ಕಣ್ಣಿಡಬೇಕು ಎಂಬುದು ಮೂಲತತ್ತ್ವ. ಆಪಾದಿತನೇ ಹೊಣೆಗಾರನ ನಷ್ಟವನ್ನು ಕಟ್ಟಿಕೊಡುವ ಕರಾರು ಅಸಿಂಧುವೆಂದು ೧೮೮೫ರಲ್ಲಿ ಅಲ್ಲಿಯ ನ್ಯಾಯಸ್ಥಾನವು ತೀರ್ಮಾನಿಸಿತು. ೧೯೭೬ರ ಜಾಮೀನು ಕಾಯಿದೆಯು ಅಂಥ ಕರಾರನ್ನು ಅಪರಾಧವನ್ನಾಗಿಯೇ ಮಾಡಿತು. ಭಾರತದಲ್ಲಿಯೂ ಹೊಣೆಗಾರನಿಗೆ ಹಿಡಿಯುವ ಅಧಿಕಾರವಿಲ್ಲ. ಹೊಣೆಯಿಂದ ಬಿಡುಗಡೆ ಬೇಕಾದವನು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಆಪಾದಿತನನ್ನು ಕರೆತರಲು ವಾರಂಟು ಹೊರಡಿಸುವವನು ಮ್ಯಾಜಿಸ್ಟ್ರೇಟನು. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕ್ರಮವನ್ನು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ಅಮೆರಿಕಾದಲ್ಲಿ ಮಾತ್ರ, ಜನರು ಊರಿಂದೂರಿಗೆ ಅಲೆಯುತ್ತಿದ್ದ ವಿಶಾಲ ದೇಶವಾದುದರಿಂದ, ನೆಂಟನ ಹೊಣೆ ದೊರೆಯುವುದು ಕಷ್ಟವಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಾನ್ ಫ್ರಾನ್ಸಿಸ್ಕೋ ಮೊದಲಾದ ನಗರಗಳಲ್ಲಿ ಹೊಣೆಯು ಅಂಗಡಿಯ ಸರಕಾಯಿತು.

ಇಲ್ಲಿಯೇ ತೊಡಕಿನ ಬೇರು ಇರುವುದು. ಹೊಣೆಯು ಅಂಗಡಿಗೆ ಬಂದರೂ, ಹೊಣೆಗಾರನ ಅಧಿಕಾರವನ್ನು ಹೇಳುವ ಮಾತುಗಳು ನೆಂಟನ ಕಾಲದವಾಗಿಯೇ ಉಳಿದವು. ಹೊಣೆಗಾರನು ತನ್ನ ಅಧಿಕಾರವನ್ನು ಬೇರೊಬ್ಬನಿಗೆ ವಹಿಸಿಕೊಡಬಹುದೆಂದು ೧೮೧೦ರಲ್ಲಿಯೇ ನ್ಯೂಯಾರ್ಕಿನ ನ್ಯಾಯಸ್ಥಾನವು ಹೇಳಿತ್ತು. ಅದಕ್ಕಿಂತ ಹೆಚ್ಚು ಪ್ರಸಿದ್ಧವಾದುದು ೧೮೭೨ರಲ್ಲಿ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಸ್ಥಾನವು ಕೊಟ್ಟ ಟೇಲರ್–ಟೇಂಟರ್ ತೀರ್ಪು. ಹೊಣೆಯಾಳುಗಳ ಪರವಾಗಿ ವಾದಿಸುವವರು ಇಂದಿಗೂ ಮೊದಲು ಹಿಡಿಯುವುದು ಇದನ್ನೇ. ಆದುದರಿಂದ ಅದರ ಸಂಗತಿಯನ್ನು ತುಸು ವಿವರವಾಗಿ ನೋಡತಕ್ಕದ್ದು.

ಕನೆಕ್ಟಿಕಟ್ ಸಂಸ್ಥಾನದಲ್ಲಿ ಕಳವಿನ ಆಪಾದನೆಗೆ ಒಳಗಾಗಿದ್ದ ಮೆಕ್‌ಗ್ವೈರ್ ಎಂಬವನಿಗೆ ೮,೦೦೦ ಡಾಲರುಗಳ ಜಾಮೀನಾಗಿತ್ತು. ಅವನು ಬಿಡುಗಡೆಯಾಗಿ ನ್ಯೂಯಾರ್ಕಿಗೆ ಹೋದನು. ಅಷ್ಟರಲ್ಲಿ ಮೇನ್ ಸಂಸ್ಥಾನದಲ್ಲಿ ಅವನ ಮೇಲೆ ಕನ್ನದ ಆಪಾದನೆಯೊಂದು ಇದ್ದುದರಿಂದ, ಆ ಸಂಸ್ಥಾನದ ಗವರ್ನರನ ಕೋರಿಕೆಯ ಮೇರೆಗೆ ನ್ಯೂಯಾರ್ಕಿನಲ್ಲಿ ಅವನನ್ನು ಹಿಡಿದು ಮೇನಿಗೆ ಕಳುಹಿಸಿದರು. ಕನೆಕ್ಟಿಕಟ್ಟಿನ ವಾಯಿದೆಯ ದಿನ ಅವನು ಹಾಜರಾಗಲಿಲ್ಲ. ಆಗುವುದು ಅವನ ಕೈಯಲ್ಲಿಯೂ ಇರಲಿಲ್ಲ. ಹೊಣೆಗಾರರಿಂದ ಹಣ ವಸೂಲಾಗಬೇಕೇ ಬೇಡವೇ ಎಂಬುದೊಂದೇ ನ್ಯಾಯಸ್ಥಾನದ ಮುಂದಿದ್ದ ಪ್ರಶ್ನೆ. ವಸೂಲಾಗಬೇಕೆಂದು ಬಹುಮತದ ತೀರ್ಮಾನವಾಯಿತು. ಇದಕ್ಕೆ ಕಾರಣ ಹೇಳುವಾಗ ನ್ಯಾಯಮೂರ್ತಿ ಸ್ವೇನ್ ಅವರು ಹೊಣೆಗಾರನ ಸ್ಥಿತಿಯನ್ನು ವರ್ಣಿಸಿದರು: ಜಾಮೀನು ಕೊಟ್ಟಮೇಲೆ ಆಪಾದಿತನು ಹೊಣೆಗಾರನ ವಶದಲ್ಲಿರುವವನೇ ಸರಿ, ಆ ವಶವು ಮೊದಲಿನ ಸೆರೆಯ ಮುಂದುವರಿಕೆ, ಹೊಣೆಗಾರನು ಬೇಕೆಂದಾಗ ಅವನನ್ನು ಹಿಡಿದು ಒಪ್ಪಿಸಬಹುದು, ಸ್ವತಃ ಹೋಗಬಹುದು, ಬೇರೆಯವರನ್ನು ಕಳುಹಿಸಬಹುದು, ಅನ್ಯಸಂಸ್ಥಾನಕ್ಕೂ ಬೆನ್ನಟ್ಟಬಹುದು, ಭಾನುವಾರವೂ ಹಿಡಿಯಬಹುದು, ಅವಶ್ಯವಾದರೆ ಅವನ ಮನೆಯ ಬಾಗಿಲನ್ನು ಮುರಿದು ಒಳನುಗ್ಗಬಹುದು, ಇದಕ್ಕೆ ಹೊಸ ವಾರಂಟು ಬೇಕಿಲ್ಲ.

ಈ ಮಾತುಗಳನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಆ ಮೊಕದ್ದಮೆಯಲ್ಲಿ ಯಾರೂ ಯಾರ ಬಾಗಿಲನ್ನೂ ಮುರಿದಿರಲಿಲ್ಲ. ಹೊಣೆಯಾಳೊಬ್ಬನೂ ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಎರಡನೆಯದಾಗಿ, ಈ ಅಧಿಕಾರಗಳನ್ನೆಲ್ಲ ವರ್ಣಿಸಿದ್ದು ಹೊಣೆಗಾರರನ್ನು ಗೆಲ್ಲಿಸುವುದಕ್ಕಾಗಿ ಅಲ್ಲ, ಸೋಲಿಸುವುದಕ್ಕಾಗಿ. ಇಷ್ಟು ಅಧಿಕಾರವಿದ್ದೂ ಅವನನ್ನು ಸಂಸ್ಥಾನದಿಂದ ಹೊರಗೆ ಹೋಗಬಿಟ್ಟಿರಲ್ಲ, ಹಾಗಾದರೆ ಹಣ ಕಟ್ಟಿರಿ ಎಂಬುದು ಅದರ ತಾತ್ಪರ್ಯ. ತೀರ್ಪಿಗೆ ಅವಶ್ಯವಲ್ಲದ ಈ ಪ್ರಾಸಂಗಿಕ ವಾಕ್ಯವು, ಆಮೇಲೆ ಬಂದ ಒಂದು ವ್ಯಾಪಾರಕ್ಕೆ ಸನ್ನದಿನಂತೆ ಉಪಯೋಗವಾಯಿತು. ಗ್ರಂಥದ ಸಂದರ್ಭವನ್ನು ಬಿಟ್ಟು ವಾಕ್ಯವನ್ನಷ್ಟೇ ಕಿತ್ತುಕೊಳ್ಳುವ ಅಭ್ಯಾಸ ಪಂಡಿತರಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು.

ಹೊಣೆಗಾರನ ಅಧಿಕಾರವು ಹೀಗೆ ಖಾಸಗಿ ಕರಾರಿನಿಂದ ಬಂದದ್ದೆಂದು ಎಣಿಸಿದ್ದರಿಂದ ಮತ್ತೊಂದು ಪರಿಣಾಮವುಂಟಾಯಿತು. ಮನೆಯನ್ನು ಅಕಾರಣವಾಗಿ ಶೋಧಿಸಕೂಡದು, ವ್ಯಕ್ತಿಯನ್ನು ಅಕಾರಣವಾಗಿ ಹಿಡಿಯಕೂಡದು ಎಂಬ ರಾಜ್ಯಾಂಗದ ಕಟ್ಟು ಸರ್ಕಾರಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಪೋಲೀಸಿನವನು ವಾರಂಟಿಲ್ಲದೆ ಬಾಗಿಲು ಒಡೆದರೆ ರಾಜ್ಯಾಂಗಭಂಗ; ಅದೇ ಕೆಲಸವನ್ನು ಹೊಣೆಯಾಳು ಮಾಡಿದರೆ ಇಬ್ಬರು ಖಾಸಗಿಯವರ ನಡುವಣ ವ್ಯವಹಾರ. ಹೊಣೆಗಾರನ ಆಳುಗಳು ಸರ್ಕಾರದ ಅಧಿಕಾರದಿಂದ ವರ್ತಿಸುವವರಲ್ಲವೆಂದು ೧೯೭೪ರಲ್ಲಿ ಒಂಬತ್ತನೆಯ ಮಂಡಲದ ಅಪೀಲು ನ್ಯಾಯಸ್ಥಾನವು ಹೇಳಿತು. ೧೯೮೭ರಲ್ಲಿ ನಾಲ್ಕನೆಯ ಮಂಡಲದ ನ್ಯಾಯಸ್ಥಾನವು, ಪೋಲೀಸಿನವನೊಬ್ಬನ ನೆರವನ್ನು ಪಡೆದು ಮನೆಯನ್ನು ಹೊಕ್ಕ ಜಾಮೀನು ವರ್ತಕನನ್ನು ಮಾತ್ರ ಸರ್ಕಾರದ ಪಾಲುಗಾರನೆಂದು ಎಣಿಸಿತು. ಆದಕಾರಣ ಪೋಲೀಸರನ್ನು ಜೊತೆಗೆ ಕರೆದುಕೊಂಡು ಹೋದವನು ರಾಜ್ಯಾಂಗದ ಕಟ್ಟಿಗೆ ಒಳಪಡುವನು, ಒಬ್ಬನೇ ಹೋದವನು ಒಳಪಡನು ಎಂಬ ವಿಪರೀತ ಸ್ಥಿತಿ ಏರ್ಪಟ್ಟಿತು. ರಾಜ್ಯಾಂಗವು ಕೈಬಿಟ್ಟಲ್ಲಿ ಹಿಡಿತ ತರಬೇಕಾದ ಭಾರ ಸಂಸ್ಥಾನಗಳ ಶಾಸನಸಭೆಗಳ ಮೇಲೆ ಬಿದ್ದಿತು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆಗಳನ್ನು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಕಾಂಗ್ರೆಸ್ಸಿನ ಮುಂದೆ ತಂದರೂ ಅವು ಕಾನೂನಾಗಲಿಲ್ಲ.

ಸಂಸ್ಥಾನಗಳಲ್ಲಿ ಕೆಲವು ಬೇರಿಗೇ ಕೊಡಲಿಯಿಟ್ಟವು. ಇಲಿನಾಯ್ ಸಂಸ್ಥಾನವು ೧೯೬೩ರಲ್ಲಿ ನೂರಕ್ಕೆ ಹತ್ತರ ಠೇವಣಿಯನ್ನು ಆಪಾದಿತನು ನೇರವಾಗಿ ನ್ಯಾಯಸ್ಥಾನದಲ್ಲಿಯೇ ಇಡುವ ಏರ್ಪಾಡನ್ನು ಮಾಡಿತು. ವರ್ತಕನಿಗೆ ಸಲ್ಲುತ್ತಿದ್ದ ಹಣ ಹೆಚ್ಚುಕಡಿಮೆ ಪೂರ್ಣವಾಗಿ ಆಪಾದಿತನಿಗೇ ಮರಳಿ ಬರುವಂತಾಗಿ, ಅಂಗಡಿಗಳು ಮುಚ್ಚಿದವು. ೨೦೨೩ರ ಸೆಪ್ಟೆಂಬರಿನಿಂದ ಆ ಸಂಸ್ಥಾನದಲ್ಲಿ ಹಣದ ಜಾಮೀನೇ ಇಲ್ಲ. ಕೆಂಟಕಿಯು ೧೯೭೬ರಲ್ಲಿ ಜಾಮೀನು ವ್ಯಾಪಾರವನ್ನು ನಿಷೇಧಿಸಿತು. ವರ್ತಕರ ಸಂಘವು ನ್ಯಾಯಸ್ಥಾನಕ್ಕೆ ಹೋಗಿ ಸೋತಿತು. ಆರೆಗನ್, ವಿಸ್ಕಾನ್ಸಿನ್ ಸಂಸ್ಥಾನಗಳೂ ಅದೇ ದಶಕದಲ್ಲಿ ಅದೇ ದಾರಿಯನ್ನು ಹಿಡಿದವು. ವರ್ತಕನಿಲ್ಲದಲ್ಲಿ ಅವನ ಆಳಿಗೆ ಕೆಲಸವಿಲ್ಲ. ಈ ದಾರಿ ಎಲ್ಲೆಡೆಯೂ ಸುಗಮವಾಗಿಲ್ಲವೆಂಬುದಕ್ಕೆ ಕ್ಯಾಲಿಫೋರ್ನಿಯಾ ಸಾಕ್ಷಿ: ಅಲ್ಲಿ ಹಣದ ಜಾಮೀನನ್ನು ತೆಗೆದುಹಾಕುವ ೨೦೧೮ರ ಕಾಯಿದೆಯನ್ನು ೨೦೨೦ರ ನವೆಂಬರಿನಲ್ಲಿ ಮತದಾರರು ತಿರಸ್ಕರಿಸಿದರು.

ಉಳಿದವುಗಳಲ್ಲಿ ಒಂದು ಗುಂಪು, ವ್ಯಾಪಾರವನ್ನು ಇಟ್ಟುಕೊಂಡು, ಸ್ವತಂತ್ರನಾಗಿ ಅಲೆಯುವ ಹೊಣೆಯಾಳನ್ನು ಮಾತ್ರ ಹೊರಗಿಟ್ಟಿತು. ಫ್ಲಾರಿಡಾದಲ್ಲಿ ಯಾರೂ ತನ್ನನ್ನು ‘ಬೌಂಟಿ ಹಂಟರ್’ ಎಂದು ಹೇಳಿಕೊಳ್ಳಕೂಡದು. ಅಲ್ಲಿ ತಪ್ಪಿಸಿಕೊಂಡವನನ್ನು ಹಿಡಿಯಬೇಕಾದರೆ ಪೋಲೀಸಿನವನಾಗಿರಬೇಕು, ಇಲ್ಲವೆ ಜಾಮೀನು ವರ್ತಕನ ಲೈಸೆನ್ಸನ್ನೇ ಪಡೆದಿರಬೇಕು, ಇಲ್ಲವೆ ಜಾಮೀನು ಹುಟ್ಟಿದ ಸಂಸ್ಥಾನದ ಸಮಾನವಾದ ಲೈಸೆನ್ಸಿರಬೇಕು. ಉತ್ತರ ಕ್ಯಾರೊಲೈನಾದಲ್ಲಿ ಈ ಕೆಲಸದವನಿಗೆ ‘ಓಟದ ಆಳು’ ಎಂಬರ್ಥದ ಹೆಸರು. ಅವನಿಗೆ ಲೈಸೆನ್ಸು ಬೇಕು, ಮತ್ತು ಅವನು ಒಬ್ಬನೇ ವರ್ತಕನ ಕೈಕೆಳಗೆ ಇರಬೇಕು. ಟೆಕ್ಸಸ್ಸಿನಲ್ಲಿ ಪೋಲೀಸು ಅಧಿಕಾರಿ, ಲೈಸೆನ್ಸು ಪಡೆದ ಖಾಸಗಿ ಪತ್ತೇದಾರ, ಆಯುಧ ಧರಿಸಲು ಅಪ್ಪಣೆಯುಳ್ಳ ಕಾವಲು ಕಂಪೆನಿಯ ನೌಕರ, ಈ ಮೂವರ ಹೊರತು ಬೇರಾರೂ ವರ್ತಕನೊಡನೆ ಈ ಬಗೆಯ ಕರಾರು ಮಾಡಿಕೊಂಡರೆ ಅಪರಾಧ. ಇಲ್ಲಿ ‘ಹೊಣೆಯಾಳು’ ಎಂಬ ಬೇರೊಂದು ಜಾತಿಯನ್ನೇ ಕಾನೂನು ಒಪ್ಪಿಲ್ಲ.

ಮತ್ತೊಂದು ಗುಂಪು ಆ ಜಾತಿಯನ್ನು ಒಪ್ಪಿಕೊಂಡು, ಅದರಲ್ಲಿ ಸೇರತಕ್ಕವನ ಯೋಗ್ಯತೆಯನ್ನು ಗೊತ್ತುಮಾಡಿತು. ಜಾರ್ಜಿಯಾದಲ್ಲಿ ಅವನಿಗೆ ೨೫ ವರ್ಷ ತುಂಬಿರಬೇಕು, ನೆವಾಡಾದಲ್ಲಿ ೨೧, ಕ್ಯಾಲಿಫೋರ್ನಿಯಾದಲ್ಲಿ ೧೮. ನೆವಾಡಾದವರು ೮೦ ಗಂಟೆಗಳ ತರಬೇತನ್ನೂ, ಮನಶ್ಶಾಸ್ತ್ರಜ್ಞನ ಪರೀಕ್ಷೆಯನ್ನೂ, ಮಾದಕವಸ್ತುಗಳ ಪರೀಕ್ಷೆಯನ್ನೂ ವಿಧಿಸುತ್ತಾರೆ. ೧೮೭೨ರ ಮೊಕದ್ದಮೆ ಹುಟ್ಟಿದ ಕನೆಕ್ಟಿಕಟ್ಟಿನಲ್ಲಿಯೇ ಇಂದು ಲೈಸೆನ್ಸಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಕನಿಷ್ಠಪಕ್ಷ ೨೦ ಗಂಟೆಗಳ ಪಾಠವೂ ಆಗಿರಬೇಕು. ಕ್ಯಾಲಿಫೋರ್ನಿಯಾದ ಚರಿತ್ರೆ ಸ್ವಲ್ಪ ವಿಚಿತ್ರವಾದುದು. ೧೯೯೯ರಲ್ಲಿ ಮಾಡಿದ ಕಾಯಿದೆಯು ವಾಯಿದೆಯ ಕಾಯಿದೆಯಾಗಿದ್ದುದರಿಂದ ೨೦೧೦ರಲ್ಲಿ ತಾನಾಗಿ ಬಿದ್ದುಹೋಗಿ, ೨೦೧೩ರ ಜನವರಿಯಲ್ಲಿ ಮರಳಿ ಜೀವ ಪಡೆಯಿತು; ನಡುವಣ ಮೂರು ವರ್ಷ ಆ ದೊಡ್ಡ ಸಂಸ್ಥಾನದಲ್ಲಿ ಈ ಕಾಯಿದೆಯ ಯಾವ ಕಟ್ಟೂ ಇರಲಿಲ್ಲ. ಅದರ ಪ್ರಕಾರ ಬಂಧನಾಧಿಕಾರದ ವಿಷಯದಲ್ಲಿ ೪೦ ಗಂಟೆಗಳ ಪಾಠ, ಜಾಮೀನಿನ ಕಾನೂನಿನಲ್ಲಿ ೨೦ ಗಂಟೆಗಳ ಪಾಠ ಆಗಬೇಕು. ಹಿಡಿಯಹೋಗುವುದಕ್ಕೆ ಮುಂಚೆ ೬ ಗಂಟೆಗಳ ಒಳಗಾಗಿ ಆ ಸ್ಥಳದ ಪೋಲೀಸರಿಗೆ ತಿಳಿಸಬೇಕು. ೨೦೨೩ರಿಂದ ವಿಮಾ ಇಲಾಖೆಯ ಲೈಸೆನ್ಸೂ ಬೇಕಾಗಿದೆ. ಈ ಕಾಯಿದೆಯಲ್ಲಿ ಹೊಣೆಯಾಳಿಗೆ ಇಟ್ಟಿದ್ದ ಹೆಸರು ‘ಪಲಾಯಿತರನ್ನು ಮರಳಿ ಪಡೆಯುವ ವ್ಯಕ್ತಿ’ ಎಂದು. ಕಳೆದುಹೋದ ಎಮ್ಮೆಯನ್ನು ಕುರಿತು ಹೇಳುವಂತೆ ಮನುಷ್ಯನನ್ನು ‘ಮರಳಿ ಪಡೆಯುವುದು’! ಬೇಟೆಯೆಂಬ ಮಾತಿಗೆ ನಾಚಿ ಬಿಟ್ಟರೂ, ಆಪಾದಿತನು ವಸ್ತುವೆಂಬ ಭಾವನೆಯು ಹೊಸ ಹೆಸರಿನಲ್ಲಿಯೂ ಉಳಿಯಿತು.

ಇಷ್ಟನ್ನು ನೋಡಿದಾಗ ಈ ಲೇಖಕನಿಗೆ ತೋರುವುದೇನೆಂದರೆ, ಈ ನಿಯಮಗಳಲ್ಲಿ ಹೆಚ್ಚಿನವು ‘ಬರುವವನು ಯಾರು’ ಎಂಬುದನ್ನು ಪರೀಕ್ಷಿಸುತ್ತವೆ. ‘ಬಾಗಿಲಲ್ಲಿ ಏನಾಗುತ್ತದೆ’ ಎಂಬುದನ್ನು ಕೆಲವೇ ಪರೀಕ್ಷಿಸುತ್ತವೆ. ಆದರೆ ಅನಾಹುತ ನಡೆಯುವ ಸ್ಥಳ ಹೊಸ್ತಿಲು. ಹೊಣೆಪತ್ರಕ್ಕೆ ರುಜುಹಾಕಿದವನು ಆಪಾದಿತನು. ಅವನು ತನ್ನ ಹಕ್ಕನ್ನು ಬಿಟ್ಟುಕೊಟ್ಟನೆಂದು ಬೇಕಾದರೆ ವಾದಿಸಬಹುದು. ಅವನ ತಾಯಿ ರುಜುಹಾಕಿಲ್ಲ. ಅವನು ಹಿಂದೆ ಬಾಡಿಗೆಗಿದ್ದ ಮನೆಗೆ ಈಗ ಬಂದಿರುವ ಸಂಸಾರ ರುಜುಹಾಕಿಲ್ಲ. ವಿಳಾಸದ ತಪ್ಪಿನಿಂದ ಬಾಗಿಲು ಕಳೆದುಕೊಳ್ಳುವ ನೆರೆಯವನು ರುಜುಹಾಕಿಲ್ಲ. ೧೮೭೨ರ ತೀರ್ಪು ಹೇಳಿದ್ದೂ ಆಪಾದಿತನ ‘ಸ್ವಂತ’ ಮನೆಯ ಮಾತನ್ನೇ ಹೊರತು ಪರರ ಮನೆಯ ಮಾತನ್ನಲ್ಲ. ೮೦ ಗಂಟೆಗಳ ಪಾಠ ಕೇಳಿದವನೂ ನಡುರಾತ್ರಿಯಲ್ಲಿ ತಪ್ಪು ಬಾಗಿಲನ್ನು ಒಡೆಯಬಲ್ಲನು.

ಅರಿಜೋನಾ ಸಂಸ್ಥಾನಕ್ಕೆ ಈ ಪಾಠ ಬಹು ಕಠಿಣವಾಗಿ ಬಂದಿತು. ೧೯೯೭ರ ಆಗಸ್ಟ್ ೩೧ರ ಬೆಳಗಿನ ಜಾವದಲ್ಲಿ ಫೀನಿಕ್ಸ್ ನಗರದ ಮನೆಯೊಂದಕ್ಕೆ ಶಸ್ತ್ರಧಾರಿಗಳು ಮುಸುಕು ಹಾಕಿಕೊಂಡು ನುಗ್ಗಿದರು. ತಾವು ಜಾಮೀನು ತಪ್ಪಿಸಿಕೊಂಡವನನ್ನು ಹುಡುಕಿಬಂದವರೆಂದು ಅವರ ಹೇಳಿಕೆ. ಆ ಮನೆಯಲ್ಲಿದ್ದ ಯುವಕನೂ ಯುವತಿಯೂ ಗುಂಡೇಟಿನಿಂದ ಸತ್ತರು. ಹುಡುಕುವ ಮಾತು ಬರಿಯ ನೆವ, ಬಂದದ್ದು ದರೋಡೆಗೆ ಎಂದು ಬಳಿಕ ಅಭಿಯೋಗದ ಪಕ್ಷವು ವಾದಿಸಿತು. ನೆವವಾದರೂ, ಆ ನೆವವನ್ನು ಹೇಳಿದರೆ ಕೇಳುವವರು ನಂಬಬಹುದಾಗಿದ್ದ ಸ್ಥಿತಿಯೇ ಶಾಸನಸಭೆಯನ್ನು ಎಚ್ಚರಿಸಿತು. ಮರುವರ್ಷದಿಂದ ಅಲ್ಲಿ ಹೊಣೆಯಾಳುಗಳಿಗೆ ಲೈಸೆನ್ಸು ಬೇಕಾಯಿತು; ಅದಕ್ಕಿಂತ ಮುಖ್ಯವಾಗಿ, ಜನವಾಸವಿರುವ ಮನೆಯನ್ನು ಆಗ ಅಲ್ಲಿರುವವರ ಒಪ್ಪಿಗೆಯಿಲ್ಲದೆ ಹೊಗಕೂಡದೆಂದು ಕಾನೂನಾಯಿತು. ಟೆಕ್ಸಸ್ಸಿನ ಕಾಯಿದೆಯೂ ಇದನ್ನೇ ಹೇಳುತ್ತದೆ: ಒಪ್ಪಿಗೆಯಿಲ್ಲದೆ ಮನೆಯ ಒಳಕ್ಕೆ ಕಾಲಿಡಬಾರದು, ಸರ್ಕಾರದ ನೌಕರನೆಂದು ಭ್ರಮೆ ಹುಟ್ಟಿಸುವ ಉಡುಪನ್ನಾಗಲಿ ಬಿಲ್ಲೆಯನ್ನಾಗಲಿ ಧರಿಸಬಾರದು. ಆಯುಧಪ್ರಿಯವೆಂದು ಹೆಸರಾದ ಈ ಎರಡು ಪಶ್ಚಿಮದ ಸಂಸ್ಥಾನಗಳೇ ಹೊಸ್ತಿಲಿನ ಮರ್ಯಾದೆಯನ್ನು ಹೆಚ್ಚಾಗಿ ಕಾಪಾಡಿರುವುದು ಗಮನಾರ್ಹ.

ವಾಷಿಂಗ್ಟನ್ ಸಂಸ್ಥಾನವು ಮಧ್ಯಮಾರ್ಗವನ್ನು ಹಿಡಿಯಿತು. ಅಲ್ಲಿ ಮೊದಲೇ ಯೋಚಿಸಿ ಬಲಾತ್ಕಾರವಾಗಿ ಮನೆ ಹೊಗುವುದನ್ನು ಕಾನೂನು ಪೂರ್ಣವಾಗಿ ತಡೆಯುವುದಿಲ್ಲ; ಆದರೆ ಆಪಾದಿತನು ಒಳಗಿರುವನೆಂದು ನಂಬಲು ಯುಕ್ತವಾದ ಕಾರಣವಿರಬೇಕು, ಸ್ಥಳದ ಪೋಲೀಸರಿಗೆ ಮುಂಚೆ ತಿಳಿಸಿರಬೇಕು, ಮತ್ತು ಹೋಗುವವನ ಮೇಲಂಗಿಯ ಮುಂದೆಯೂ ಹಿಂದೆಯೂ ಅವನ ಕಸಬಿನ ಹೆಸರು ೨ ಅಂಗುಲಕ್ಕೆ ಕಡಿಮೆಯಿಲ್ಲದ, ಬೆಳಕಿಗೆ ಹೊಳೆಯುವ ಅಕ್ಷರಗಳಲ್ಲಿರಬೇಕು. ಟೆಕ್ಸಸ್ಸು ಬಿಲ್ಲೆ ಬೇಡವೆನ್ನುತ್ತದೆ, ವಾಷಿಂಗ್ಟನ್ನು ಬರಹ ಬೇಕೆನ್ನುತ್ತದೆ. ನೋಡುವುದಕ್ಕೆ ವಿರುದ್ಧವಾದ ಈ ಎರಡರ ಅಭಿಪ್ರಾಯವೂ ಒಂದೇ, ಬಂದವನನ್ನು ಪೋಲೀಸಿನವನೆಂದು ಯಾರೂ ತಪ್ಪು ತಿಳಿಯಬಾರದೆಂಬುದು. ಆದರೂ ನಿದ್ದೆಯಿಂದ ಬೆಚ್ಚಿ ಎದ್ದವನು ೨ ಅಂಗುಲದ ಅಕ್ಷರವನ್ನು ಓದಿ ಅರ್ಥಮಾಡಿಕೊಳ್ಳುವನೆಂ­ದು ನಂಬುವುದು ಕಷ್ಟ. ಒಪ್ಪಿಗೆಯ ನಿಯಮವೇ ಲೇಸು.

ಸಂಸ್ಥಾನದ ಗಡಿಯನ್ನು ದಾಟಿದಾಗ ಮತ್ತಷ್ಟು ಗೊಂದಲ. ಒಂದೆಡೆಯ ಲೈಸೆನ್ಸು ಇನ್ನೊಂದೆಡೆ ಸಲ್ಲುವುದೆಂಬ ನಿಯಮವಿಲ್ಲ. ಹೊರಗಿನ ಹೊಣೆಗಾರನು ತಮ್ಮಲ್ಲಿಗೆ ಬಂದು ಯಾರನ್ನಾದರೂ ಹಿಡಿಯಬೇಕಾದರೆ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಕೊಟ್ಟು ವಾರಂಟು ಪಡೆಯಬೇಕೆಂದು ಕ್ಯಾಲಿಫೋರ್ನಿಯಾ ವಿಧಿಸಿದೆ. ಮೇಲೆ ಹೇಳಿದ ೧೯೭೪ರ ಮೊಕದ್ದಮೆಯಲ್ಲಿ ಹೊರಗಿನಿಂದ ಬಂದ ಆಳುಗಳು ಮಾಡದೆ ಬಿಟ್ಟಿದ್ದ ಕೆಲಸ ಇದೇ. ಜಾಮೀನು ವ್ಯಾಪಾರವಿಲ್ಲದ ಕೆಂಟಕಿಯಲ್ಲಿಯೂ ಹೊರಗಿನವನಿಗೆ ವಾರಂಟು ಬೇಕು. ಅದಿಲ್ಲದೆ ಹಿಡಿದೊಯ್ದವನು ತನ್ನ ಊರಿನಲ್ಲಿ ವರ್ತಕನ ಆಳು. ದಾಟಿಬಂದ ಊರಿನಲ್ಲಿ ಮನುಷ್ಯನನ್ನು ಅಪಹರಿಸಿದ ಅಪರಾಧಿಯೆನಿಸಬಹುದು.

ದೇಶದ ಎಲ್ಲೆಯನ್ನು ಮೀರಿದರಂತೂ ೧೮೭೨ರ ಮಾತಿಗೆ ಬೆಲೆಯೇ ಇಲ್ಲ. ೧೯೮೧ರಲ್ಲಿ ಫ್ಲಾರಿಡಾದ ಹೊಣೆಗಾರನ ಪರವಾಗಿ ಇಬ್ಬರು ಕೆನಡಾದ ಟೊರಾಂಟೋ ನಗರಕ್ಕೆ ಹೋಗಿ ಅಲ್ಲಿದ್ದ ಆಪಾದಿತನೊಬ್ಬನನ್ನು ಬಲಾತ್ಕಾರವಾಗಿ ಹಿಡಿದು ತಂದರು. ಕೆನಡಾ ಸರ್ಕಾರವು ಆ ಇಬ್ಬರನ್ನೂ ಅಪಹರಣದ ಆಪಾದನೆಯ ಮೇಲೆ ಒಪ್ಪಿಸಬೇಕೆಂದು ಕೇಳಿತು. ಟೇಲರ್–ಟೇಂಟರ್ ತೀರ್ಪನ್ನು ಅವರು ಗುರಾಣಿಯಾಗಿ ಹಿಡಿದರೂ, ಪರದೇಶದಲ್ಲಿ ಆ ಅಧಿಕಾರ ಸಲ್ಲದೆಂದು ಅಮೆರಿಕಾದ ನ್ಯಾಯಸ್ಥಾನವೇ ೧೯೮೩ರಲ್ಲಿ ತೀರ್ಮಾನಿಸಿ ಅವರನ್ನು ಕಳುಹಿಸಿಕೊಟ್ಟಿತು. ಇದಾದ ೨೦ ವರ್ಷಗಳಿಗೆ, ೨೦೦೩ರ ಜೂನಿನಲ್ಲಿ, ಮುಂದೆ ದೂರದರ್ಶನದಿಂದ ಬಹು ಪ್ರಸಿದ್ಧನಾದ ಮತ್ತೊಬ್ಬ ಹೊಣೆಯಾಳು ಮೆಕ್ಸಿಕೋ ದೇಶಕ್ಕೆ ಹೋಗಿ ಪಲಾಯಿತನೊಬ್ಬನನ್ನು ಹಿಡಿದನು. ಈ ಕಸಬಿಗೆ ಅನುಮತಿಯಿಲ್ಲದ ಆ ದೇಶದ ಪೋಲೀಸರು ಹಿಡಿದವನನ್ನೂ ಹಿಡಿಸಿಕೊಂಡವನನ್ನೂ ಒಟ್ಟಿಗೆ ಬಂಧಿಸಿದರು. ಹೊಣೆಯಾಳಿಗೆ ಜಾಮೀನು ದೊರೆಯಿತು. ಬಿಡುಗಡೆಯಾದವನು ಮೆಕ್ಸಿಕೋವನ್ನು ಬಿಟ್ಟು ತನ್ನ ದೇಶಕ್ಕೆ ಹೊರಟುಹೋದನು. ಆ ದೇಶದವರು ಅವನನ್ನು ಪಲಾಯಿತನೆಂದು ಸಾರಿದರು. ೨೦೦೬ರ ಸೆಪ್ಟೆಂಬರಿನಲ್ಲಿ ಹವಾಯಿ ದ್ವೀಪದಲ್ಲಿ ಅವನನ್ನು ಹಿಡಿದವರು ಸರ್ಕಾರದ ಅಧಿಕಾರಿಗಳು, ಕೈಯಲ್ಲಿ ವಾರಂಟು ಹಿಡಿದು ಬಂದವರು. ಕಾಲಮಿತಿ ಮೀರಿತೆಂದು ಆ ಮೊಕದ್ದಮೆಯು ೨೦೦೭ರಲ್ಲಿ ವಜಾ ಆಯಿತು.